ಕಿಡ್ನಿ ಸ್ಟೋನ್ ಇದ್ದರೆ ಹಾಲು, ಮೊಸರು ಬಿಡಬೇಕಾ?

ಬೇಡ, ದಯವಿಟ್ಟು ಬಿಡಬೇಡಿ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಹಾಗಾಗಿ ಹಾಲು ನಿಲ್ಲಿಸಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಆಕ್ಸಲೇಟ್ ಅಂದರೆ ಪಾಲಕ್, ಬಾದಾಮಿಯಂಥ ಆಹಾರದಲ್ಲಿ ಜಾಸ್ತಿ ಇರುವ ಒಂದು ವಸ್ತು. ಊಟದ ಜೊತೆ ಮೊಸರು ತಿಂದಾಗ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ಮಲದಲ್ಲಿ ಹೊರಗೆ ಹೋಗುತ್ತದೆ. ಮೊಸರು ಬಿಟ್ಟರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಜಾಸ್ತಿ ಬರುತ್ತದೆ. ಕ್ಯಾಲ್ಸಿಯಂ ಮಾತ್ರೆಯ ವಿಷಯ ಬೇರೆ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ನಿಜವಾಗಿ ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಕ್ಸಲೇಟ್ ಜಾಸ್ತಿ ಇರುವ ಪಾಲಕ್, ಬಾದಾಮಿ ಮಿತವಾಗಿರಲಿ, ಮಾಂಸವೂ ಮಿತವಾಗಿರಲಿ. ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಬಳ್ಳಾರಿ, ರಾಯಚೂರಿನಂಥ ಬಿಸಿಲಿನ ಊರಲ್ಲಿ ಇನ್ನೂ ಹೆಚ್ಚು ಬೇಕು. ಸಕ್ಕರೆ, ಉಪ್ಪು ಹಾಕದ ನಿಂಬೆ ನೀರು ಒಳ್ಳೆಯದು, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ.

5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲು ಎಷ್ಟೋ ಸಲ ತಾನೇ ಬಿದ್ದುಹೋಗುತ್ತದೆ. ಬಿದ್ದ ಕಲ್ಲನ್ನು ಎಸೆಯಬೇಡಿ, ಲ್ಯಾಬಿಗೆ ಕೊಡಿ. ಯೂರಿಕ್ ಆಸಿಡ್ ಕಲ್ಲಾದರೆ ಚಿಕಿತ್ಸೆಯೇ ಬೇರೆ ಅಲ್ವಾ? ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬಾಳೆದಿಂಡಿನ ರಸ ಕುಡಿಯುತ್ತಾ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.