ಬೀಮ್ ಟೈಮ್ ಸಿಕ್ಕ ವಾರವನ್ನು ಮುಂದೂಡಲು ಯಾಕೆ ಆಗುವುದಿಲ್ಲ?

ನಿಮ್ಮ ತಂಗಿ ಕಣಗಳನ್ನು ಗುರುತಿಸುವ ಡಿಟೆಕ್ಟರ್‌ಗಳ ಗುಂಪೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಒಂದು ವಾರ ಬೀಮ್ (ಯಂತ್ರದಿಂದ ಬರುವ ಕಣಗಳ ಹರಿವು) ಸಿಕ್ಕಿದೆ ಎಂದು ದೀಪಾವಳಿಗೂ ಊರಿಗೆ ಬರುವುದಿಲ್ಲ ಎನ್ನುತ್ತಾಳೆ, ಅಷ್ಟು ದೊಡ್ಡ ಜಾಗದಲ್ಲಿ ಒಂದು ವಾರ ಆಚೀಚೆ ಮಾಡಿಕೊಡಲು ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಅಂಥ ವಾರಗಳಲ್ಲಿ ಅಲ್ಲಿ ರಾತ್ರಿ ಪಾಳಿ ಮಾಡಿದವನು ನಾನು. ಆಗುವುದಿಲ್ಲ ಸಾರ್, ಅವಳ ಮೇಲೆ ಮುನಿಸಿಕೊಳ್ಳಬೇಡಿ.

ಸರ್ನ್ ಎಂದರೆ ಎಲ್ಲರಿಗೂ ನೆನಪಾಗುವುದು 27 ಕಿ.ಮೀ. ಸುತ್ತಳತೆಯ ಕಣವೇಗವರ್ಧಕ ಎಲ್‌ಎಚ್‌ಸಿ. ಅಲ್ಲಿ ಈ ಸರದಿಯ ತಂಟೆಯೇ ಇಲ್ಲ, ಅಟ್ಲಾಸ್, ಸಿಎಂಎಸ್ ಪ್ರಯೋಗಗಳೆಲ್ಲವೂ ಒಟ್ಟಿಗೇ ಡೇಟಾ ತೆಗೆಯುತ್ತವೆ. ಪೈಪೋಟಿ ಇರುವುದು ಅದಕ್ಕೆ ಪ್ರೋಟಾನ್ ಉಣಿಸುವ ಎಸ್‌ಪಿಎಸ್ ಯಂತ್ರದಲ್ಲಿ. 1976ರಿಂದ ಓಡುತ್ತಿರುವ, ಸುಮಾರು 7 ಕಿ.ಮೀ. ಸುತ್ತಳತೆಯ ಈ ಯಂತ್ರ ಎಲ್‌ಎಚ್‌ಸಿಗೆ 450 ಜಿಇವಿ (ಕಣಗಳ ಶಕ್ತಿಯ ಅಳತೆ) ಪ್ರೋಟಾನ್ ಕಳಿಸುತ್ತದೆ. ಉಳಿದ ಹೊತ್ತಿನಲ್ಲಿ 400 ಜಿಇವಿ ಪ್ರೋಟಾನ್‌ಗಳನ್ನು ಫ್ರಾನ್ಸ್ ಕಡೆಯ ಪ್ರೆವೆಸಾಂನಲ್ಲಿರುವ ನಾರ್ತ್ ಏರಿಯಾ ಎಂಬ ಪ್ರಯೋಗದ ಜಾಗಕ್ಕೆ ಬಿಡುತ್ತದೆ. ಡಿಟೆಕ್ಟರ್ ಪರೀಕ್ಷೆ ಮಾಡುವವರು ಕಾದು ಕೂರುವುದು ಇಲ್ಲಿ. ನಿಮ್ಮ ತಂಗಿಯ ವಾರವೂ ಬಹುಶಃ ಇಲ್ಲಿಯದೇ.

ಕಾಗದದ ಮೇಲಿನ ಕ್ರಮ ಸರಳ. ದೊಡ್ಡ ಪ್ರಯೋಗಗಳ ಪ್ರಸ್ತಾವ ಸಮಿತಿಯ ಮುಂದೆ ಹೋಗಿ, ರಿಸರ್ಚ್ ಬೋರ್ಡ್ ಒಪ್ಪಿಗೆ ಪಡೆದು ಬರುತ್ತದೆ. ಒಂದೆರಡು ವಾರದ ಪರೀಕ್ಷೆಗಳ ಅರ್ಜಿ ಹಿಂದಿನ ವರ್ಷವೇ ಬೀಮ್ ಹಂಚುವ ಕೋಆರ್ಡಿನೇಟರ್ ಕೈಗೆ ಹೋಗುತ್ತದೆ. ಅವರು ಎಲ್ಲರ ಬೇಡಿಕೆಯನ್ನೂ ಹಾಸಿಕೊಂಡು ವರ್ಷದ ವೇಳಾಪಟ್ಟಿ ಹೊಲಿಯುತ್ತಾರೆ. ಬುಧವಾರ ಬೆಳಿಗ್ಗೆ ಒಂದು ಗುಂಪು ಸಾಮಾನು ಕಟ್ಟುತ್ತದೆ, ಇನ್ನೊಂದು ಒಳಗೆ ಬರುತ್ತದೆ.

ಆದರೆ ಒಂದು ವಾರ ಸಿಕ್ಕಿತೆಂದರೆ ವಾರವಿಡೀ ಬೀಮ್ ಬರುತ್ತದೆ ಎಂದಲ್ಲ. ಎಸ್‌ಪಿಎಸ್ ಒಂದೊಂದು ಸುತ್ತಿನಲ್ಲಿ 4.8 ಸೆಕೆಂಡ್ ಮಾತ್ರ ಪ್ರೋಟಾನ್ ಸುರಿಸುತ್ತದೆ, ಅದಕ್ಕೆ ಸ್ಪಿಲ್ ಎನ್ನುತ್ತೇವೆ. ಮುಂದಿನ ಸ್ಪಿಲ್ ಬರಲು ಹದಿನೈದು, ಇಪ್ಪತ್ತು, ಕೆಲವೊಮ್ಮೆ ನಲವತ್ತು ಸೆಕೆಂಡ್. ಎಲ್‌ಎಚ್‌ಸಿ ತುಂಬಿಸಲು ಶುರು ಮಾಡಿದರೆ ಇನ್ನೂ ವಿರಳ. ಕಂಟ್ರೋಲ್ ರೂಮಿನ ಗೋಡೆಯ ಮೇಲಿನ ಪರದೆಯಲ್ಲಿ ಟಿ2, ಟಿ4, ಟಿ6 ಎಂಬ ಮೂರು ಟಾರ್ಗೆಟ್‌ಗಳ (ಪ್ರೋಟಾನ್ ಬಡಿದು ಬೇರೆ ಕಣಗಳು ಹೊರಡುವ ತುಂಡುಗಳ) ಮೇಲೆ ಎಷ್ಟು ಪ್ರೋಟಾನ್ ಬಿತ್ತು ಎಂಬ ಅಂಕಿ ಪ್ರತಿ ಸುತ್ತಿಗೂ ಬದಲಾಗುತ್ತದೆ. ನಡುರಾತ್ರಿ ಮೂರಕ್ಕೆ ಆ ಅಂಕಿ ಸೊನ್ನೆಯಾದರೆ ನಿದ್ದೆಗಣ್ಣಲ್ಲಿದ್ದವರೂ ತಲೆ ಎತ್ತುತ್ತಾರೆ.

ನಿಜವಾದ ಜಗ್ಗಾಟ ನೆರೆಯವರ ಜೊತೆ. ಕಣಗಳನ್ನು ಪರೀಕ್ಷೆಯ ಜಾಗಕ್ಕೆ ಒಯ್ಯುವ ಎಚ್6, ಎಚ್8 ಎರಡೂ ಲೈನುಗಳು ಟಿ4 ಟಾರ್ಗೆಟ್‌ನಿಂದಲೇ ಹೊರಡುತ್ತವೆ, ಎನ್‌ಎ62 ಪ್ರಯೋಗಕ್ಕೆ ಹೋಗುವ ಪ್ರೋಟಾನ್‌ಗಳೂ ಅದನ್ನು ದಾಟಿಯೇ ಹೋಗಬೇಕು. ಟಾರ್ಗೆಟ್ ಸುತ್ತಲಿನ ಅಯಸ್ಕಾಂತಗಳನ್ನು ಒಬ್ಬರಿಗೆ ಬೇಕಾದ ಶಕ್ತಿಗೆ ಹೊಂದಿಸಿದರೆ ಪಕ್ಕದವರಿಗೆ ಸಿಗುವುದೂ ಬದಲಾಗುತ್ತದೆ. ಹಾಗಾಗಿ ಮೊದಲೇ ಕೂತು ಒಪ್ಪಿಕೊಳ್ಳಬೇಕು. ಒಂದೇ ಲೈನಿನೊಳಗೂ ಮುಂದೆ ಮೇನ್ ಯೂಸರ್ (ವಾರ ಯಾರದೋ ಅವರು), ಹಿಂದೆ ಪ್ಯಾರಸಿಟಿಕ್ ಯೂಸರ್ (ಮಿಕ್ಕಿದ್ದನ್ನು ಬಳಸುವವರು) ಎಂದು ಇರುತ್ತಾರೆ. ಮುಂದಿನವರದು ತೆಳು ಸಿಲಿಕಾನ್ ಡಿಟೆಕ್ಟರ್ ಆದರೆ ಕಣಗಳು ದಾಟಿ ಬರುತ್ತವೆ. ಕಣಗಳನ್ನು ತಡೆದು ಶಕ್ತಿ ಅಳೆಯುವ ದಪ್ಪನೆಯ ಕ್ಯಾಲೋರಿಮೀಟರ್ ಇಟ್ಟರೋ, ಹಿಂದಿನವರಿಗೆ ಅದನ್ನೂ ದಾಟಬಲ್ಲ ಮ್ಯೂಆನ್ ಕಣಗಳು ಮಾತ್ರ. ಕಾಲುವೆಯ ಕೊನೆ ಭಾಗದ ರೈತನ ಪಾಡು ಗೊತ್ತಿದ್ದರೆ ಇದೂ ಅರ್ಥವಾಗುತ್ತದೆ.

ಡಿಟೆಕ್ಟರ್ ಇಟ್ಟ ಜಾಗದ ಒಳಗೆ ಹೋಗಿ ಒಂದು ಕೇಬಲ್ ಬದಲಿಸಬೇಕಾದರೂ ಆ ಜಾಗದ ಬೀಮ್ ನಿಲ್ಲಿಸಬೇಕು. ಒಳಹೋಗುವ ಪ್ರತಿಯೊಬ್ಬರೂ ಬಾಗಿಲ ಬಳಿಯ ಪೆಟ್ಟಿಗೆಯಿಂದ ತಲಾ ಒಂದು ಕೀ ತೆಗೆದುಕೊಳ್ಳುತ್ತಾರೆ. ಅಷ್ಟೂ ಕೀಗಳು ವಾಪಸ್ ಕೂರುವವರೆಗೆ ಬೀಮ್ ಬರುವುದಿಲ್ಲ. ಅದಕ್ಕೇ ಪಕ್ಕದ ಗುಂಪಿಗೆ ಮೊದಲು ಫೋನ್: ‘ನಾವು ಒಳಗೆ ಹೋಗ್ತಿದ್ದೀವಿ, ನಿಮ್ಮ ಕೆಲಸ ಏನಾದ್ರೂ ಇದ್ರೆ ಈಗಲೇ ಮುಗಿಸ್ಕೊಳ್ಳಿ.’ ವೇಳಾಪಟ್ಟಿಯಲ್ಲಿ ಎಲ್ಲೂ ಬರೆಯದ ಈ ಸೌಜನ್ಯದ ಮೇಲೆಯೇ ಅರ್ಧ ವಾರ ನಡೆಯುತ್ತದೆ.

ಅದಲುಬದಲು ಇಲ್ಲವೆಂದಲ್ಲ. ಇನ್ನೊಂದು ಗುಂಪು ಒಪ್ಪಿ, ಕೋಆರ್ಡಿನೇಟರ್ ಒಪ್ಪಿ, ಲೈನಿನ ನೆರೆಹೊರೆಗೂ ಹೊಂದಿದರೆ ಆಗುತ್ತದೆ. ಆದರೆ ದೀಪಾವಳಿ ಬರುವುದು ಅತಿ ಕೆಟ್ಟ ಸಮಯಕ್ಕೆ. ವರ್ಷದ ಕೊನೆಗೆ ಎಸ್‌ಪಿಎಸ್ ಸಾಮಾನ್ಯವಾಗಿ ಪ್ರೋಟಾನ್ ಬಿಟ್ಟು ಸೀಸದ ಅಯಾನುಗಳಿಗೆ ಹೊರಳುತ್ತದೆ, ಆಮೇಲೆ ಚಳಿಗಾಲದ ನಿಲುಗಡೆ. ಈ ವಾರ ತಪ್ಪಿದರೆ ಮುಂದಿನ ವಸಂತವೇ. ಕೆಲವೊಮ್ಮೆ ಅದೂ ಇಲ್ಲ: ಭಾರತದ ಗುಂಪುಗಳೂ ಇರುವ ಸಿಎಂಎಸ್‌ನವರು ಹೊಸ ಕ್ಯಾಲೋರಿಮೀಟರ್‌ನ 94 ಸಿಲಿಕಾನ್ ಮಾಡ್ಯೂಲ್‌ಗಳನ್ನು ಎಚ್2 ಲೈನಿನಲ್ಲಿ ಪರೀಕ್ಷಿಸಿದ್ದು 2018ರ ಅಕ್ಟೋಬರ್‌ನಲ್ಲಿ. ಅದಾದ ಮೇಲೆ ದೀರ್ಘ ವಿರಾಮ, ನಾರ್ತ್ ಏರಿಯಾಕ್ಕೆ ಮತ್ತೆ ಬೀಮ್ ಬಂದದ್ದು 2021ರಲ್ಲಿ. ನಡುವೆ ಬೇಕಿದ್ದವರು ಹ್ಯಾಂಬರ್ಗ್‌ನ ಡೇಸಿ ಪ್ರಯೋಗಾಲಯಕ್ಕೆ ಹೋಗಬಹುದಿತ್ತು, ಆದರೆ ಅಲ್ಲಿ ಸಿಗುವುದು 6 ಜಿಇವಿವರೆಗಿನ ಎಲೆಕ್ಟ್ರಾನ್, ಪಾಸಿಟ್ರಾನ್ ಮಾತ್ರ.

ಈ ವರ್ಷ ಬಿಡಿ. ಮುಂದಿನ ವರ್ಷಕ್ಕೆ ಗುಂಪಿನವರು ಅರ್ಜಿ ಹಾಕುವ ಮುಂಚೆ ತಂಗಿಗೆ ಹಬ್ಬದ ದಿನಾಂಕ ಕೊಟ್ಟುಬಿಡಿ. ಯಾವ ವಾರ ಬೇಕು, ಯಾವುದು ಬೇಡವೇ ಬೇಡ ಎಂದು ಆಗಲೇ ಹೇಳಿಕೊಂಡರೆ ಕೋಆರ್ಡಿನೇಟರ್ ಕೈಲಾದಷ್ಟು ನೋಡುತ್ತಾರೆ. ಪಟ್ಟಿ ಹೊರಬಿದ್ದ ಮೇಲೆ ಹೇಳಿದರೆ ಅವಳ ಗೈಡ್ ಕೂಡ ಏನೂ ಮಾಡಲಾರರು.