ರಾಜೀನಾಮೆಯ ದೃಶ್ಯ ಮುಗಿದ ಮೇಲೆ

ಪ್ರಶ್ನೆ: ನನಗೆ 42 ವರ್ಷ. ಹದಿನೈದು ವರ್ಷಗಳಿಂದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ, ಆದರೂ ಬೆಳಗ್ಗೆ ಹೊರಡುವಾಗ ಕಾಲು ಮುಂದೆ ಹೋಗುವುದಿಲ್ಲ. ಎರಡು ವರ್ಷಗಳಿಂದ, ಮನೆಯವರೆಲ್ಲ ಮಲಗಿದ ಮೇಲೆ ಒಬ್ಬಳೇ ಕುಳಿತು ಸಿನಿಮಾ ನೋಡುವುದು ರೂಢಿಯಾಗಿದೆ. ಹೊಸದನ್ನಲ್ಲ, ನೋಡಿದ ನಾಲ್ಕೈದನ್ನೇ ಮತ್ತೆ ಮತ್ತೆ ನೋಡುತ್ತೇನೆ. ಅವುಗಳಲ್ಲಿ ಒಂದರಲ್ಲಿ ನಾಯಕಿ ಮೇಲಧಿಕಾರಿಯ ಮೇಜಿನ ಮೇಲೆ ರಾಜೀನಾಮೆ ಪತ್ರವಿಟ್ಟು ಹೊರನಡೆಯುತ್ತಾಳೆ. ಆ ದೃಶ್ಯ ಮುಗಿದೊಡನೆ ಟಿ.ವಿ. ಆರಿಸಿ ಮಲಗುತ್ತೇನೆ. ಗಣಿತ ಕಲಿಯಲು ಕಷ್ಟಪಡುವ ಮಕ್ಕಳಿಗೆ ಕಲಿಸಬೇಕೆಂಬುದು ನನ್ನ ಹಳೆಯ ಆಸೆ. ಭಾನುವಾರ ಬೆಳಗ್ಗೆ ಪರಿಚಯದವರ ಇಬ್ಬರು ಮಕ್ಕಳಿಗೆ ಹೇಳಿಕೊಡುತ್ತೇನೆ. ವಿಚಿತ್ರವೆಂದರೆ ಅಂದು ರಾತ್ರಿ ಸಿನಿಮಾ ನೆನಪಾಗುವುದಿಲ್ಲ. ಕೆಲಸ ಬಿಡುವ ಮಾತೆತ್ತಿದರೆ ಪತಿ, ‘ಸಿನಿಮಾ ನೋಡಿ ತಲೆ ಕೆಡಿಸಿಕೊಂಡಿದ್ದೀಯ’ ಎಂದು ನಕ್ಕುಬಿಟ್ಟರು. ಸಿನಿಮಾದಿಂದ ಧೈರ್ಯ ತಂದುಕೊಳ್ಳುವುದು ಬಾಲಿಶವೇ? ನಾನು ಕೆಲಸ ಬಿಡಬಹುದೇ?
– ಹೆಸರು ಬೇಡ

ಉತ್ತರ: ಪ್ರಿಯ ಸೋದರಿ, ನಿಮ್ಮ ಪತ್ರದ ಉದ್ದಕ್ಕೂ ಇರುವ ನಾಚಿಕೆಯನ್ನು ಮೊದಲು ಬದಿಗಿಡೋಣ, ಏಕೆಂದರೆ ಅದಕ್ಕೆ ಆಧಾರವಿಲ್ಲ. ದುಃಖದಿಂದ, ದುಡಿಮೆಯ ಆಯಾಸದಿಂದ, ಶೋಕದಿಂದ ಬಳಲಿದವರಿಗೆ ನಾಟ್ಯವು ವಿಶ್ರಾಂತಿಯನ್ನು ಕೊಡುತ್ತದೆ ಎಂದು ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಹೇಳುತ್ತದೆ; ಕಳವಳಗೊಂಡ ಮನಸ್ಸಿಗೆ ಅದು ಧೃತಿಯನ್ನು ಕೊಡುತ್ತದೆ ಎಂಬ ಮಾತೂ ಅಲ್ಲಿಯೇ ಇದೆ. ‘ಧೃತಿಗೆಡಬೇಡಿ’ ಎನ್ನುವಾಗ ನಾವು ಬಳಸುವ ಅದೇ ಧೃತಿ. ಇದು ಮುನ್ನುಗ್ಗುವ ಸಾಹಸವಲ್ಲ, ಬೀಳದೆ ನಿಲ್ಲುವ ಶಕ್ತಿ. ಎರಡು ವರ್ಷಗಳಿಂದ ಸಿನಿಮಾ ನಿಮಗೆ ಕೊಟ್ಟಿರುವುದು ಇದನ್ನೇ ಎಂದು ನನಗೆ ತೋರುತ್ತದೆ, ಮತ್ತು ಅದು ಸಣ್ಣ ಉಪಕಾರವೇನೂ ಅಲ್ಲ.

ನೋಡಿದ್ದನ್ನೇ ನೋಡುವುದರಲ್ಲಿಯೂ ಅಸಹಜವಾದದ್ದೇನಿಲ್ಲ. ಮುಂದೇನಾಗುವುದೋ ಎಂಬ ಎಚ್ಚರದಲ್ಲಿಯೇ ದಿನವಿಡೀ ಇದ್ದ ಮನಸ್ಸಿಗೆ, ಕೊನೆ ಗೊತ್ತಿರುವ ಕಥೆಯೊಂದರಲ್ಲಿ ಆ ಎಚ್ಚರವನ್ನು ಕೆಳಗಿಳಿಸಿ ಕೂರಲು ಸಾಧ್ಯವಾಗುತ್ತದೆ. ತೆರೆಯ ಮೇಲಿನ ವ್ಯಕ್ತಿಗಳೊಡನೆ ನೋಡುಗರು ಬೆಳೆಸಿಕೊಳ್ಳುವ ಇಂಥ ಒಮ್ಮುಖದ ನಂಟನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದರು. (ಒಂದು ಹಳೆಯ ಹಾಸ್ಯಚಿತ್ರವನ್ನು ಜ್ವರ ಬಂದಾಗಲೆಲ್ಲ ಹಾಕಿಕೊಳ್ಳುವ ಅಭ್ಯಾಸ ನನಗೂ ಇದೆ, ನಗು ಈಗ ಬರುವುದಿಲ್ಲ, ಆದರೆ ಮಾತುಗಳು ಸರಿಯಾದ ಜಾಗದಲ್ಲಿ ಬರುತ್ತವೆ ಎಂಬುದೇ ಸಮಾಧಾನ.) ನಿದ್ದೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು. ಬೆಳಗ್ಗೆ ಕಾಲು ಮುಂದೆ ಹೋಗದಿರುವುದಕ್ಕೆ ಕೆಲಸ ಎಷ್ಟು ಕಾರಣ, ತಡರಾತ್ರಿಯ ಜಾಗರಣೆ ಎಷ್ಟು ಕಾರಣ ಎಂಬುದು ಪತ್ರದಿಂದ ತಿಳಿಯುವುದಿಲ್ಲ. ಎರಡು ವಾರ ಬೇಗ ಮಲಗಿ ನೋಡಿ. ಆಗಲೂ ಬೆಳಗು ಹಾಗೆಯೇ ಭಾರವಾಗಿದ್ದರೆ, ಭಾನುವಾರದ ಪಾಠವೂ ಬೇಡವೆನ್ನಿಸಲು ತೊಡಗಿದರೆ, ವೈದ್ಯರನ್ನು ಕಾಣಲು ಹಿಂಜರಿಯಬೇಡಿ.

ಇನ್ನು ಧೈರ್ಯದ ವಿಷಯ. ನೀವು ಟಿ.ವಿ. ಆರಿಸುವ ಜಾಗವೇ ನನ್ನ ಗಮನವನ್ನು ಹಿಡಿದು ನಿಲ್ಲಿಸಿತು. ರಾಜೀನಾಮೆಯ ನಂತರವೂ ಆ ಚಿತ್ರ ಮುಂದುವರಿಯುತ್ತದೆ, ಆದರೆ ನಿಮಗೆ ಅದು ಬೇಕಾಗಿಲ್ಲ. ನಾಯಕಿ ಎಲ್ಲಿಗೆ ಹೋದಳು, ಮರುದಿನ ಬೆಳಗ್ಗೆ ಏನು ಮಾಡಿದಳು ಎಂಬುದಕ್ಕಿಂತ ಅವಳು ಎದ್ದು ಹೊರಟಳು ಎಂಬುದಷ್ಟೇ ನಿಮಗೆ ತಂಪೆರೆಯುತ್ತಿದೆ. ಒಂದು ಜಾಗವನ್ನು ಬಿಡುವ ಆಸೆಗೂ ಇನ್ನೊಂದು ಜಾಗವನ್ನು ಸೇರುವ ಆಸೆಗೂ ವ್ಯತ್ಯಾಸವಿದೆ, ಮತ್ತು ಬಿಡುವ ಆಸೆಯೊಂದನ್ನೇ ನಂಬಿ ಹೊರಟವರು ಹೊಸ ಜಾಗದಲ್ಲಿಯೂ ಹಳೆಯ ಬೇಸರವನ್ನು ಕಂಡು ಕಂಗಾಲಾದ ಪತ್ರಗಳು ಈ ಅಂಕಣಕ್ಕೆ ಆಗಾಗ ಬರುತ್ತವೆ.

ಹಾಗೆಂದು ಮುಂದಿನ ಅರ್ಧವನ್ನು ನೋಡಿದರೂ ನಿಮಗೆ ಬೇಕಾದದ್ದು ಅಲ್ಲಿ ಸಿಗಲಾರದು. ಸೆಕೆಂಡಿಗೆ 24ರಂತೆ ಎರಡು ಗಂಟೆಯ ಚಿತ್ರವೊಂದರಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಸಂಬಳ ಬಾರದ ಮೊದಲ ತಿಂಗಳಿಗೆ, ಹೊಸ ಕೆಲಸದಲ್ಲಿ ತನಗಿಂತ ಹದಿನೈದು ವರ್ಷ ಚಿಕ್ಕವರಿಂದ ತಪ್ಪು ತಿದ್ದಿಸಿಕೊಳ್ಳುವ ಮಧ್ಯಾಹ್ನಕ್ಕೆ ಅವುಗಳಲ್ಲಿ ಜಾಗ ಸಿಗುವುದು ಬಲು ಅಪರೂಪ. ಕಲಿಕೆಯ ಎರಡು ವರ್ಷಗಳು ಒಂದು ಹಾಡಿನಲ್ಲಿ ಮುಗಿದುಹೋಗುತ್ತವೆ. ಅದು ಸಂಕಲನಕಾರನ ಮೋಸವಲ್ಲ, ಅವನ ಕಸುಬೇ ಅದು. ಆದರೆ ಕತ್ತರಿಸಿ ಹಾಕಿದ ಆ ಭಾಗದಲ್ಲಿಯೇ ನೀವು ಬದುಕಬೇಕಾಗಿರುವುದರಿಂದ, ದೃಶ್ಯದ ಬಿಸಿಯನ್ನು ನಿರ್ಧಾರದ ಬಲವೆಂದು ಎಣಿಸಬಾರದು. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಗುರಿ ಮುಟ್ಟಿದ ಚಿತ್ರವನ್ನಷ್ಟೇ ಮನಸ್ಸಿನಲ್ಲಿ ಸವಿಯುವವರ ಪ್ರಯತ್ನ ಹೆಚ್ಚುವ ಬದಲು ಸಡಿಲವಾಗುತ್ತದೆ. ಆ ಚಿತ್ರದ ಪಕ್ಕದಲ್ಲಿಯೇ ಅಡ್ಡಿಯನ್ನೂ ಇಟ್ಟು ನೋಡಿದಾಗ, ಗುರಿ ಕೈಗೆಟಕುವಂಥದ್ದಾಗಿದ್ದರೆ, ಮನಸ್ಸು ಕೆಲಸಕ್ಕೆ ತೊಡಗುತ್ತದೆ. ಪ್ರತಿರಾತ್ರಿ ಮನಸ್ಸಿನಲ್ಲಿಯೇ ರಾಜೀನಾಮೆ ಕೊಟ್ಟು ಹಗುರಾಗುವುದರಿಂದಲೇ ನೀವು ಹಗಲಿನಲ್ಲಿ ಒಂದು ಹೆಜ್ಜೆಯನ್ನೂ ಇಡದೆ ಉಳಿದಿರಬಹುದೇ? ಒರಟಾಗಿ ಕೇಳುತ್ತಿದ್ದೇನೆ, ಕ್ಷಮಿಸಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡ ಮಾತನ್ನು ನೀವು ‘ವಿಚಿತ್ರವೆಂದರೆ’ ಎಂದು ಬದಿಗೆ ಸರಿಸಿದ್ದೀರಿ. ಭಾನುವಾರ ರಾತ್ರಿ ನಿಮಗೆ ಸಿನಿಮಾ ನೆನಪಾಗುವುದಿಲ್ಲ. ಅದು ರಜೆಯ ದಿನವಾದ್ದರಿಂದ ಹಾಗಿರಬಹುದು ಎಂದು ವಾದಿಸಬಹುದು, ಆದರೆ ಮರುದಿನ ಮತ್ತೆ ಕಚೇರಿಗೆ ಹೋಗಬೇಕಾದ ರಾತ್ರಿ ಅದು; ಕೆಲಸವನ್ನು ಒಲ್ಲದವರಿಗೆ ವಾರದಲ್ಲಿಯೇ ಕಷ್ಟದ ರಾತ್ರಿ. ಅಂಥ ರಾತ್ರಿಯಲ್ಲಿಯೂ ನಿಮಗೆ ಆಸರೆ ಬೇಕಾಗುವುದಿಲ್ಲವೆಂದರೆ, ಆ ಇಬ್ಬರು ಮಕ್ಕಳೊಡನೆ ಕಳೆದ ಬೆಳಗು ನಿಮಗೆ ಏನನ್ನೋ ಕೊಡುತ್ತಿದೆ. ‘ಸೇರುವ ಆಸೆ’ಗೆ ನನಗೆ ಸಿಕ್ಕಿರುವ ಸಾಕ್ಷಿ ಇದೊಂದೇ, ಆದರೆ ಅದು ಗಟ್ಟಿಯಾದ ಸಾಕ್ಷಿ.

ಆದ್ದರಿಂದ ಈಗಲೇ ಕೆಲಸ ಬಿಡಬೇಡಿ. ಭಾನುವಾರವನ್ನು ದೊಡ್ಡದು ಮಾಡಿ. ಇಬ್ಬರಿದ್ದ ಕಡೆ ನಾಲ್ವರಾಗಲಿ, ವಾರದ ನಡುವೆ ಒಂದು ಸಂಜೆಯೂ ಸೇರಲಿ. ದಣಿದ ಬುಧವಾರದ ಸಂಜೆ, ಅದೇ ಭಾಗಾಕಾರವನ್ನು ಐದನೆಯ ಸಲ ಹೇಳಿಕೊಡುವಾಗಲೂ ನಿಮ್ಮ ಧ್ವನಿ ಏರದಿದ್ದರೆ ಅದು ಭಾನುವಾರದ ಉತ್ಸಾಹಕ್ಕಿಂತ ದೊಡ್ಡ ಸುಳಿವು. ಗಣಿತದಲ್ಲಿ ಹಿಂದುಳಿಯುವ ಮಕ್ಕಳಲ್ಲಿ ಕೆಲವರಿಗೆ ಅಭ್ಯಾಸದ ಕೊರತೆಯಿದ್ದರೆ, ಇನ್ನು ಕೆಲವರಿಗೆ ಡಿಸ್‌ಕ್ಯಾಲ್ಕುಲಿಯಾ ಎಂಬ ಕಲಿಕಾ ನ್ಯೂನತೆ ಇರುತ್ತದೆ. ಅಂಥ ಮಗುವಿಗೆ ಎರಡು ಗುಂಪುಗಳಲ್ಲಿ ಯಾವುದು ದೊಡ್ಡದೆಂದು ಒಮ್ಮೆಗೇ ತಿಳಿಯುವುದೂ ಕಷ್ಟ, ಬೆರಳೆಣಿಕೆಯನ್ನು ಬಿಡುವುದೂ ಕಷ್ಟ. ಇಲ್ಲಿ ಪ್ರೀತಿ ಮಾತ್ರ ಸಾಲದು, ತರಬೇತಿ ಬೇಕು. ವಿಶೇಷ ಶಿಕ್ಷಕರೊಬ್ಬರ ತರಗತಿಯಲ್ಲಿ ಕೆಲವು ದಿನ ಸುಮ್ಮನೆ ಕುಳಿತು ನೋಡಲು ಅನುಮತಿ ಕೇಳಿ. ‘ಯಾವಾಗಲಾದರೂ’ ಎಂದು ಬಿಡದೆ, ಯಾವ ದಿನ, ಎಷ್ಟು ಗಂಟೆಗೆ, ಯಾರನ್ನು ಕೇಳುವುದು ಎಂದು ಬರೆದಿಟ್ಟುಕೊಳ್ಳಿ. ಹೀಗೆ ಸಮಯ, ಸ್ಥಳಗಳನ್ನು ಮೊದಲೇ ಗೊತ್ತುಮಾಡಿಕೊಂಡವರು ಸಂಕಲ್ಪವನ್ನು ನಡೆಸುವ ಸಂಭವ ಹೆಚ್ಚು ಎಂದು ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1999ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದಾರೆ.

ಹಣದ ಲೆಕ್ಕವನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ, ಹದಿನೈದು ವರ್ಷ ಅದನ್ನೇ ಮಾಡಿದ್ದೀರಿ. ಪರರ ಲೆಕ್ಕಪತ್ರದ ಮೇಲೆ ಇಡುವ ನಿಷ್ಠುರ ಕಣ್ಣನ್ನೇ ನಿಮ್ಮದರ ಮೇಲೂ ಇಡಿ.

ಪತಿಯವರ ನಗು ನಿಮಗೆ ನೋವು ತಂದಿದೆ. ಆದರೆ ಅವರಿಗೆ ನೀವು ತೋರಿಸಿದ್ದು ಏನನ್ನು? ಸಿನಿಮಾವನ್ನು ಕಂಡಿದ್ದಾರೆ, ಬಿಡುವ ಮಾತನ್ನು ಕೇಳಿದ್ದಾರೆ. ಸೇರುವ ಜಾಗವನ್ನು ಅವರು ನೋಡಿದಂತಿಲ್ಲ. ಮುಂದಿನ ಭಾನುವಾರ ಪಾಠದ ಹೊತ್ತಿನಲ್ಲಿ ಅವರೂ ಅದೇ ಕೋಣೆಯಲ್ಲಿ ಇರಲಿ, ಏನನ್ನೂ ವಿವರಿಸಬೇಡಿ. ಲೆಕ್ಕದ ಹಾಳೆಯನ್ನು ಆಮೇಲೆ ಮುಂದಿಡಿ. ಆಗಲೂ ನಕ್ಕರೆ ನಾವು ಬೇರೆ ವಿಷಯವನ್ನೇ ಚರ್ಚಿಸಬೇಕಾಗುತ್ತದೆ, ಮತ್ತೊಮ್ಮೆ ಬರೆಯಿರಿ.

ಎಷ್ಟು ಕಾಲ ಹೀಗೆ ಎಂದು ಕೇಳುವಿರಿ. ಮಾಡಿದ ತಪ್ಪಿಗಾಗಿ ಜನ ಸದ್ಯದಲ್ಲಿ ಹೆಚ್ಚು ಪರಿತಪಿಸಿದರೂ, ಬಹುಕಾಲದ ನಂತರ ಕೊರೆಯುವುದು ಮಾಡದೆ ಉಳಿದದ್ದು ಎಂದು ಮನೋವಿಜ್ಞಾನಿಗಳಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1995ರಲ್ಲಿ ಬರೆದರು. ಹಾಗಾಗಿ ಎಚ್ಚರಿಕೆಯ ಹೆಸರಿನಲ್ಲಿ ಇದನ್ನು ಇನ್ನೆರಡು ವರ್ಷ ಎಳೆಯುವುದನ್ನೂ ನಾನು ಒಪ್ಪಲಾರೆ. ಆರು ತಿಂಗಳು ಸಾಕು. ಕೊನೆಯ ದಿನಾಂಕವನ್ನು ಇವತ್ತೇ ಗುರುತು ಹಾಕಿಕೊಳ್ಳಿ, ಮತ್ತು ಈ ಆರು ತಿಂಗಳಲ್ಲಿ ಸಿನಿಮಾ ಇಲ್ಲದೆ ನಿದ್ದೆ ಬಂದ ರಾತ್ರಿಗಳನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋಗಿ. ಅವುಗಳ ಸಂಖ್ಯೆ ಪಾಠದ ದಿನಗಳೊಡನೆ ಏರಿದರೆ, ಪತ್ರವನ್ನು ಯಾರ ಮೇಜಿನ ಮೇಲೆ ಇಡಬೇಕೆಂಬುದು ನಿಮಗೆ ಗೊತ್ತೇ ಇದೆ.