ಗಾಜು ಎರಡು ಅಂಗುಲ ಇಳಿಸಿದರೆ ಸಾಕೇ?

ಸಾಕುಪ್ರಾಣಿಗಳ ಆರೋಗ್ಯದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಪಶುವೈದ್ಯರು ಇಲ್ಲಿ ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟುಹೋಗುವ ವಿಷಯಕ್ಕೇ ಸಂಬಂಧಿಸಿದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ. ಕಳೆದ ವಾರ ಔಷಧಿ ಅಂಗಡಿಗೆ ಹೋದಾಗ ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ನಾಲ್ಕೂ ಕಿಟಕಿಗಳ ಗಾಜನ್ನು ಎರಡು ಅಂಗುಲದಷ್ಟು ಇಳಿಸಿ, ನಾಯಿಯನ್ನು ಒಳಗೇ ಬಿಟ್ಟುಹೋಗಿದ್ದೆವು. ಐದು ನಿಮಿಷದ ಕೆಲಸ ಎಂದುಕೊಂಡದ್ದು ಇಪ್ಪತ್ತು ನಿಮಿಷವಾಯಿತು. ಮರಳಿ ಬಂದಾಗ ಅದು ಜೋರಾಗಿ ತೇಕುತ್ತಿತ್ತು. ಸೀಟಿನ ಮೇಲೆಲ್ಲ ಜೊಲ್ಲು ಸುರಿದಿತ್ತು, ಗಾಜುಗಳ ಮೇಲಂಚಿನುದ್ದಕ್ಕೂ ಮೂಗಿನ ಒದ್ದೆ ಗುರುತುಗಳಿದ್ದವು. ಮನೆಗೆ ಬಂದು ನೀರು ಕುಡಿದು ಒಂದು ಗಂಟೆಯೊಳಗೆ ಮೊದಲಿನಂತಾಯಿತು. ‘ಏನೂ ಆಗಲಿಲ್ಲವಲ್ಲ, ಗಾಳಿ ಆಡಲು ಜಾಗ ಬಿಟ್ಟಿದ್ದೆವು’ ಎನ್ನುತ್ತಾರೆ ನಮ್ಮ ಯಜಮಾನರು. ನನಗೇಕೋ ಸಮಾಧಾನವಿಲ್ಲ. ಯಾರ ಮಾತು ಸರಿ?

ಉತ್ತರ: ನಿಮ್ಮ ಅನುಮಾನವೇ ಸರಿ. ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಜೊಲ್ಲಿಗಿಂತ ಆ ಮೂಗಿನ ಗುರುತುಗಳು. ಕಾರಿನೊಳಗೆ ಉಸಿರಾಡಲು ತಕ್ಕ ಗಾಳಿ ಎಲ್ಲಿದೆಯೆಂದು ನಾಯಿ ನಾಲ್ಕೂ ಕಿಟಕಿಗಳ ಸಂದಿಗೆ ಮೂಗಿಟ್ಟು ಹುಡುಕಿದೆ, ಎಲ್ಲಿಯೂ ಸಾಲದೆ ಮತ್ತೊಂದು ಕಿಟಕಿಗೆ ಹೋಗಿದೆ. ನಿಮ್ಮ ಯಜಮಾನರು ಕೊಟ್ಟ ಎರಡು ಅಂಗುಲದ ಬಗ್ಗೆ ಅದರ ಅಭಿಪ್ರಾಯ ಆ ಗಾಜಿನ ಮೇಲೆಯೇ ಇತ್ತು.

ಅಮೆರಿಕದಲ್ಲಿ ನಡೆದು 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸಾವುಗಳ ಹಿನ್ನೆಲೆಯಲ್ಲಿ ಇದೇ ಪ್ರಶ್ನೆಯನ್ನು ಅಳೆದು ನೋಡಿತು. ಹೊರಗಿನ ಉಷ್ಣಾಂಶ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ನಿಂತ ಕಾರಿನ ಒಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿಯಷ್ಟು ಏರಿತು. ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಗಾಜನ್ನು ಒಂದೂವರೆ ಅಂಗುಲ ಇಳಿಸಿಟ್ಟಾಗಲೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಸಿಲು ಗಾಜನ್ನು ದಾಟಿ ಬಂದು ಡ್ಯಾಶ್‌ಬೋರ್ಡು, ಸೀಟು, ಸ್ಟಿಯರಿಂಗ್‌ಗಳನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ, ಆ ಬಿಸಿಗಾಳಿಗೆ ಹೊರಹೋಗುವ ದಾರಿಯಿರುವುದಿಲ್ಲ. ಮಳೆಯೂ ಧೂಳೂ ಒಳಬಾರದಂತೆ ಕಾರನ್ನು ಬಿಗಿಯಾಗಿ ಮುಚ್ಚಲು ತಯಾರಕರು ಪಟ್ಟ ಶ್ರಮವೆಲ್ಲ ಇಲ್ಲಿ ನಾಯಿಯ ಪಾಲಿಗೆ ಮುಳುವಾಗುತ್ತದೆ.

ಇನ್ನು ನೆರಳಿನ ಮಾತು. ಅರಿಝೋನಾ ರಾಜ್ಯದಲ್ಲಿ ಬಿರುಬೇಸಿಗೆಯ ದಿನಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿಗೂ ಡ್ಯಾಶ್‌ಬೋರ್ಡು 69 ಡಿಗ್ರಿಗೂ ಏರಿದ್ದರೆ, ನೆರಳಿನಲ್ಲಿ ನಿಂತವುಗಳ ಒಳಗಾಳಿ 38 ಡಿಗ್ರಿಯ ಹತ್ತಿರವಿತ್ತು. ನೆರಳಿನಿಂದ ಉಪಯೋಗವಿದೆ, ನಿಜ. ಆದರೆ 38 ಡಿಗ್ರಿ ಎಂದರೆ ಆರೋಗ್ಯವಂತ ನಾಯಿಯ ಮೈಶಾಖವೇ. ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದ ಮೇಲೆ ಮೈ ತನ್ನ ಶಾಖವನ್ನು ಗಾಳಿಗೆ ಸುಮ್ಮನೆ ಬಿಟ್ಟುಕೊಡಲಾರದು. ಆಗ ಉಳಿಯುವುದು ನೀರನ್ನು ಆವಿ ಮಾಡಿ ತಣಿಯುವ ಒಂದೇ ದಾರಿ. ಅದೂ ಅಲ್ಲದೆ ಮರದ ನೆರಳು ನಿಂತಲ್ಲಿ ನಿಲ್ಲುವುದಿಲ್ಲ, ನೀವು ಸಾಲಿನಲ್ಲಿ ಕಾಯುತ್ತಿರುವಾಗ ಅದು ಪಕ್ಕದ ಕಾರಿನ ಮೇಲೆ ಸರಿದಿರುತ್ತದೆ.

ಆವಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯದ ಬೇರು ಇರುವುದು ಅಲ್ಲಿಯೇ. ನಮಗೆ ಮೈಯೆಲ್ಲ ಬೆವರುತ್ತದೆ, ನಾಯಿಗೆ ಬೆವರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ, ಅದರಿಂದ ಮೈ ತಂಪಾಗುವುದಿಲ್ಲ. ಆದ್ದರಿಂದ ಅದು ನಾಲಗೆ ಚಾಚಿ ತೇಕುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 20–30 ಸಲ ಉಸಿರಾಡುವ ನಾಯಿ ಸೆಕೆಯಲ್ಲಿ 300ರ ಆಸುಪಾಸಿಗೆ ಹೋಗುವುದುಂಟು. ಹಾಗೆ ಗಾಳಿಯಾಡಿದಾಗ ನಾಲಗೆ, ಬಾಯಿ ಮತ್ತು ಮೂಗಿನೊಳಗಿನ ತೇವ ಆವಿಯಾಗಿ ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಬಯಲಿನಲ್ಲಿ ಇದು ಸೊಗಸಾದ ಏರ್ಪಾಟು. ಮುಚ್ಚಿದ ಕಾರಿನಲ್ಲಾದರೆ ಪ್ರತಿ ಉಸಿರಿನ ಆವಿಯೂ ಒಳಗೇ ಉಳಿದು ಗಾಳಿಯ ತೇವ ಏರುತ್ತ ಹೋಗುತ್ತದೆ, ತೇವ ಏರಿದಷ್ಟೂ ಮುಂದಿನ ಉಸಿರಿನಿಂದ ಸಿಗುವ ತಂಪು ಕಡಿಮೆಯಾಗುತ್ತದೆ. ಆಗ ನಾಯಿ ಇನ್ನೂ ಜೋರಾಗಿ ತೇಕುತ್ತದೆ, ಆ ಶ್ರಮಕ್ಕೆ ದುಡಿಯುವ ಸ್ನಾಯುಗಳಿಂದಲೇ ಮತ್ತಷ್ಟು ಶಾಖ ಹುಟ್ಟುತ್ತದೆ. ತನ್ನನ್ನು ಉಳಿಸಿಕೊಳ್ಳಲು ಅದು ಮಾಡುವ ಕೆಲಸವೇ ಅದನ್ನು ಬೇಯಿಸತೊಡಗುತ್ತದೆ. 38ರಿಂದ 39.2 ಡಿಗ್ರಿಯ ನಡುವೆ ಇರಬೇಕಾದ ಮೈಶಾಖ 41 ದಾಟಿತೆಂದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಪೆಟ್ಟು ಬೀಳುವ ಹಂತ ತಲುಪಿತೆಂದೇ ಅರ್ಥ.

ನಿಮ್ಮ ನಾಯಿ ಈ ಇಳಿಜಾರಿನ ಮೊದಲ ತಿರುವಿನಲ್ಲೇ ಹಿಂದಿರುಗಿದೆ. ಹೊರಗೆ 30 ಡಿಗ್ರಿ ಇದ್ದ ದಿನ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು 40 ಆಗಿರುತ್ತದೆ, ಅರ್ಧ ಗಂಟೆಗೆ 48. ಐದು ನಿಮಿಷದ ಕೆಲಸ ಎಷ್ಟು ನಿಮಿಷಕ್ಕೆ ಮುಗಿಯುತ್ತದೆ ಎಂಬುದು ಅಂಗಡಿಯ ಸಾಲಿಗೆ ಸೇರಿದ ವಿಷಯ, ನಿಮ್ಮ ಕೈಯಲ್ಲಿಲ್ಲ.

ಪ್ರಶ್ನೆ: ಬಟ್ಟಲಿನಲ್ಲಿ ನೀರಿಟ್ಟು ಹೋದರೆ?

ಉತ್ತರ: ಬಾಯಾರಿಕೆ ತೀರುತ್ತದೆ, ಕಾರು ತಂಪಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಆ ನೀರೂ ಬಿಸಿಯಾಗಿರುತ್ತದೆ. ಗಾಬರಿಗೊಂಡ ನಾಯಿ ಬಟ್ಟಲನ್ನು ಮಗುಚಿ ಹಾಕದೆ ಬಿಡುವುದೂ ಅಪರೂಪ.

ಪ್ರಶ್ನೆ: ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿ ಬಾಗಿಲು ಲಾಕ್ ಮಾಡಿ ಹೋಗುತ್ತೇನೆ. ಇದರಲ್ಲಿ ತಪ್ಪೇನಿದೆ?

ಉತ್ತರ: ಎ.ಸಿ. ನಡೆಯುತ್ತಿರುವಷ್ಟು ಹೊತ್ತು ತಪ್ಪಿಲ್ಲ. ನಿಂತರೆ ನಿಮಗೆ ತಿಳಿಸುವವರು ಯಾರು ಎಂಬುದೇ ತೊಂದರೆ. ಎಂಜಿನ್ ಬಿಸಿಯಾಗಿ ನಿಲ್ಲಬಹುದು, ಇಂಧನ ಮುಗಿಯಬಹುದು, ಕಂಪ್ರೆಸರ್ ಕೈಕೊಟ್ಟು ಬರೀ ಬಿಸಿಗಾಳಿ ಬೀಸಬಹುದು. ಕೀಲಿಯಿಲ್ಲದೆ ಬಟನ್ ಒತ್ತಿ ಚಾಲೂ ಮಾಡುವ ಕೆಲವು ಕಾರುಗಳು, ಒಳಗೆ ಚಾಲಕನಿಲ್ಲವೆಂದು ಕಂಡರೆ ನಿಗದಿತ ಸಮಯದ ನಂತರ ಎಂಜಿನ್ ತಾವಾಗಿಯೇ ಆರಿಸುತ್ತವೆ. ಮುಂದಿನ ಸೀಟಿಗೆ ಹಾರಿದ ನಾಯಿ ಕಾಲಿನಿಂದ ಗುಂಡಿಯೊಂದನ್ನು ಅದುಮಿದರೂ ಸಾಕು. ಗಾಜುಗಳೆಲ್ಲ ಪೂರ್ತಿ ಮುಚ್ಚಿರುವುದರಿಂದ, ಎ.ಸಿ. ನಿಂತ ಮರುಕ್ಷಣದಿಂದ ಮೇಲೆ ಹೇಳಿದ ಲೆಕ್ಕವೇ ಶುರುವಾಗುತ್ತದೆ. ಕೆಲವು ವಿದ್ಯುತ್ ಕಾರುಗಳಲ್ಲಿ ಪ್ರಾಣಿಗಳಿಗೆಂದೇ ಒಳಶಾಖ ಕಾಯ್ದಿಡುವ ಸೌಲಭ್ಯ ಬಂದಿದೆ. ಅದನ್ನು ಬಳಸುವವರು ಬ್ಯಾಟರಿ ಎಷ್ಟಿದೆಯೆಂದು ಮೊದಲು ನೋಡಿಕೊಳ್ಳಬೇಕು, ಫೋನಿನಲ್ಲಿ ಕಾರಿನ ಸೂಚನೆ ಬರುವಂತಿರಬೇಕು, ಬಂದ ಕೂಡಲೇ ಓಡಿ ಬರುವಷ್ಟು ಹತ್ತಿರದಲ್ಲಿರಬೇಕು. ಇಷ್ಟೆಲ್ಲ ಮಾಡುವ ಬದಲು ಜೊತೆಗೆ ಬಂದ ಒಬ್ಬರು ನಾಯಿಯನ್ನು ಹಿಡಿದುಕೊಂಡು ಹೊರಗೆ ನೆರಳಿನಲ್ಲಿ ನಿಲ್ಲುವುದು ಸುಲಭ, ಒಬ್ಬರೇ ಹೋಗುವುದಾದರೆ ನಾಯಿ ಮನೆಯಲ್ಲಿರುವುದು ಇನ್ನೂ ಸುಲಭ.

ಪ್ರಶ್ನೆ: ನಮ್ಮದು ಪಗ್. ಚಿಕ್ಕ ಗಾತ್ರದ ನಾಯಿಗೆ ಸೆಕೆ ಕಡಿಮೆ ಎಂದು ಕೇಳಿದ್ದೇನೆ, ನಿಜವೇ?

ಉತ್ತರ: ಪಗ್‌ನ ವಿಷಯದಲ್ಲಿ ಇದು ಅಪಾಯಕಾರಿ ನಂಬಿಕೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ನಂಥ ಮೊಂಡುಮೂಗಿನ ತಳಿಗಳಲ್ಲಿ ಮೂಗಿನ ಹೊಳ್ಳೆ ಕಿರಿದು, ಅಂಗುಳಿನ ಮೆತ್ತನೆಯ ಭಾಗ ಉದ್ದ, ಗಾಳಿಯ ದಾರಿ ಇಕ್ಕಟ್ಟು. ಉಳಿದ ನಾಯಿಗಳು ತೇಕಿ ತಣಿಯುವ ಸೆಕೆಯಲ್ಲಿ ಇವು ತೇಕಿ ತೇಕಿ ಗಂಟಲೊಳಗೆ ಊತ ತಂದುಕೊಂಡು ಇನ್ನಷ್ಟು ಕಟ್ಟಿಕೊಳ್ಳುತ್ತವೆ. ನಿಮ್ಮ ನಾಯಿ ನಿದ್ದೆಯಲ್ಲಿ ಗೊರಕೆ ಹೊಡೆಯುವುದು ಮುದ್ದಾಗಿ ಕಾಣಬಹುದು, ನನಗೆ ಅದು ಉಸಿರಿನ ದಾರಿ ಕಿರಿದಾಗಿರುವ ಲಕ್ಷಣ. ದಪ್ಪಗಿರುವ, ವಯಸ್ಸಾದ, ಹೃದಯದ ಕಾಯಿಲೆಯಿರುವ ನಾಯಿಗಳನ್ನೂ ಇದೇ ಸಾಲಿಗೆ ಸೇರಿಸಿ.

ಪ್ರಶ್ನೆ: ನಾಯಿಗೆ ಬಿಸಿಲಿನ ಆಘಾತವಾದರೆ ಐಸ್ ನೀರು ಹಾಕಬೇಕು ಎಂದು ಒಬ್ಬರು, ಹಾಕಲೇಬಾರದು ಎಂದು ಇನ್ನೊಬ್ಬರು ಹೇಳುತ್ತಾರೆ. ಒದ್ದೆ ಟವೆಲ್ ಸುತ್ತಿ ಕರೆದುಕೊಂಡು ಬನ್ನಿ ಎಂದೂ ಕೇಳಿದ್ದೇವೆ. ಯಾವುದು ಸರಿ?

ಉತ್ತರ: ಟವೆಲ್‌ನಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಾಕ್ಸರ್ ತಳಿಯ ನಾಯಿಯೊಂದನ್ನು ಮನೆಯವರು ದಪ್ಪನೆಯ ಒದ್ದೆ ಟವೆಲ್‌ನಲ್ಲಿ ಸುತ್ತಿ ನನ್ನ ಬಳಿಗೆ ಎತ್ತಿಕೊಂಡು ಬಂದರು. ಕಾರಿನಲ್ಲಿ ಬಿಟ್ಟಿದ್ದರು, ಪ್ರಜ್ಞೆ ತಪ್ಪಿದ್ದನ್ನು ಕಂಡ ಕೂಡಲೇ ಟವೆಲ್ ಸುತ್ತಿ ಹೊರಟಿದ್ದರು, ದಾರಿಯಲ್ಲಿ ಇಪ್ಪತ್ತೈದು ನಿಮಿಷ ಹಿಡಿದಿತ್ತು. ಟವೆಲ್ ಬಿಚ್ಚಲು ಕೈಯಿಟ್ಟಾಗ ಅದು ನನ್ನ ಅಂಗೈಗಿಂತ ಬಿಸಿಯಾಗಿತ್ತು. ಥರ್ಮಾಮೀಟರ್ ಇಟ್ಟರೆ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂಬ ಗುರುತಷ್ಟೇ ಬಂತು. ಮೈಗೆ ಸುತ್ತಿದ ಟವೆಲ್ ಕೆಲವೇ ನಿಮಿಷಗಳಲ್ಲಿ ಮೈಯಷ್ಟೇ ಕಾದು, ಆವಿಯನ್ನು ಹೊರಬಿಡದೆ ಕಂಬಳಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ಅವರಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದರು.

ಈಗಿನ ವೈದ್ಯಕೀಯ ಸಲಹೆ ಇಷ್ಟು: ಮೊದಲು ತಂಪು ಮಾಡಿ, ಆಮೇಲೆ ಕರೆತನ್ನಿ. ನಾಯಿಯನ್ನು ನೆರಳಿಗೆ ಎತ್ತಿ ತಂದು, ನಲ್ಲಿಯ ನೀರಾಗಲಿ ಬಾಟಲಿಯ ನೀರಾಗಲಿ ಕೈಗೆ ಸಿಕ್ಕ ನೀರನ್ನು ಮೈತುಂಬ, ಅದರಲ್ಲೂ ಹೊಟ್ಟೆ, ತೊಡೆಸಂದಿ, ಕಂಕುಳು, ಕುತ್ತಿಗೆಗಳ ಮೇಲೆ ಸುರಿಯುತ್ತಲೇ ಇರಬೇಕು, ಜೊತೆಗೆ ಇನ್ನೊಬ್ಬರು ರಟ್ಟಿನಿಂದಲೋ ಬಟ್ಟೆಯಿಂದಲೋ ಗಾಳಿ ಹಾಕುತ್ತಿರಬೇಕು. ತಣ್ಣೀರು ಬಿದ್ದರೆ ಚರ್ಮದ ರಕ್ತನಾಳ ಕುಗ್ಗಿ ಶಾಖ ಒಳಗೇ ಉಳಿಯುತ್ತದೆ ಎಂಬ ಹಳೆಯ ಹೆದರಿಕೆಯನ್ನು ಈಗ ಬಿಟ್ಟಿದ್ದೇವೆ. ಎಳೆಯ, ಬೇರೆ ಕಾಯಿಲೆಯಿಲ್ಲದ ನಾಯಿಯನ್ನು ಅದರ ತಲೆ ನೀರಿನಿಂದ ಮೇಲಿರುವಂತೆ ಹಿಡಿದು ತಣ್ಣೀರಿನ ತೊಟ್ಟಿಯಲ್ಲಿ ಇಳಿಸಬಹುದು. ವಯಸ್ಸಾದ ಅಥವಾ ಕಾಯಿಲೆಯ ನಾಯಿಗೆ ನೀರು ಸುರಿದು ಗಾಳಿ ಹಾಕುವುದೇ ಒಳ್ಳೆಯದು. ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ, ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರೂ ಆದೀತು. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ಕುಡಿಯಲು ಕೊಡಿ. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮನೆಯಲ್ಲಿರುವ ಜ್ವರದ ಮಾತ್ರೆಯನ್ನಂತೂ ಕೊಡಲೇಬೇಡಿ. ಇದು ಜ್ವರವಲ್ಲ, ಆದ್ದರಿಂದ ಮಾತ್ರೆ ಕೆಲಸ ಮಾಡುವುದಿಲ್ಲ, ಯಕೃತ್ತು, ಹೊಟ್ಟೆಗಳಿಗೆ ಹಾನಿ ಮಾತ್ರ ತಪ್ಪುವುದಿಲ್ಲ. ಗುದದ್ವಾರದಲ್ಲಿ ಅಳೆದ ಶಾಖ 39.5ರ ಹತ್ತಿರ ಬಂದಾಗ ನೀರು ನಿಲ್ಲಿಸಿ, ಕಾರಿನ ಎ.ಸಿ. ಹಾಕಿಕೊಂಡು ಹೊರಡಿ. ಥರ್ಮಾಮೀಟರ್ ಇಲ್ಲವೆಂದರೆ ತೇಕುವುದು ಹತೋಟಿಗೆ ಬರುವವರೆಗೆ ಸುರಿಯಿರಿ, ಆಸ್ಪತ್ರೆಗೆ ಫೋನ್ ಮಾಡಿ ಬರುತ್ತಿದ್ದೇವೆಂದು ತಿಳಿಸಿ.

ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ತೊಡಗಿದ್ದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಖದ ತೊಂದರೆಯಿಂದ ಬಂದ ನಾಯಿಗಳ ಪೈಕಿ ಕರೆತರುವ ಮುನ್ನವೇ ತಂಪು ಮಾಡಿದ್ದವು ಶೇ 22ರಷ್ಟು ಮಾತ್ರ. ಆಸ್ಪತ್ರೆಯಲ್ಲಿ ನಾವು ಮೊದಲು ಮಾಡುವುದೂ ನೀರು ಸುರಿಯುವ ಕೆಲಸವನ್ನೇ, ಅದನ್ನು ನೀವು ಅರ್ಧ ಗಂಟೆ ಮುಂಚೆಯೇ ಮಾಡಬಲ್ಲಿರಿ.

ಪ್ರಶ್ನೆ: ಬೇರೆಯವರ ಕಾರಿನಲ್ಲಿ ನಾಯಿ ಒದ್ದಾಡುತ್ತಿರುವುದನ್ನು ಕಂಡರೆ ಗಾಜು ಒಡೆಯಬಹುದೇ?

ಉತ್ತರ: ಕಾನೂನು ಎಲ್ಲ ಕಡೆ ಒಂದೇ ತೆರನಾಗಿಲ್ಲ, ಆದ್ದರಿಂದ ಮೊದಲ ಫೋನ್ ಪೊಲೀಸರಿಗಿರಲಿ. ಕಾರಿನ ನಂಬರ್, ನೀವು ಕಂಡ ಹೊತ್ತು ಇವೆರಡನ್ನೂ ಬರೆದುಕೊಂಡು, ಹತ್ತಿರದ ಅಂಗಡಿಗಳಲ್ಲಿ ಮಾಲೀಕರನ್ನು ಕೂಗಿಸಿ, ಒಬ್ಬರು ಮಾತ್ರ ನಾಯಿಯನ್ನು ಬಿಟ್ಟು ಕದಲಬಾರದು. ಬೊಗಳುತ್ತಿರುವ ನಾಯಿಗಿಂತ ಸುಮ್ಮನಾದ ನಾಯಿಯ ಬಗ್ಗೆ ಹೆಚ್ಚು ಭಯಪಡಿ. ತೂರಾಡುವುದು, ವಾಂತಿ, ಒಸಡು ಕಡುಗೆಂಪಾಗುವುದು, ಕರೆದರೂ ತಲೆ ಎತ್ತದಿರುವುದು ಕಂಡರೆ ನಿಮಿಷಗಳ ಲೆಕ್ಕವಷ್ಟೇ ಉಳಿದಿದೆ ಎಂದು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ. ಮಾಲೀಕರು ಬಂದಾಗ ಜಗಳಕ್ಕೆ ನಿಲ್ಲಬೇಡಿ, ನೀರಿನ ಬಾಟಲಿ ಕೈಗಿಡಿ.

ಪ್ರಶ್ನೆ: ತಂಪು ಮಾಡಿದ ಮೇಲೆ ನಾಯಿ ಎದ್ದು ಓಡಾಡಿದರೂ ಡಾಕ್ಟರ ಹತ್ತಿರ ಬರಬೇಕೇ?

ಉತ್ತರ: ಬರಬೇಕು. ಮೇಲೆ ಹೇಳಿದ ಬಾಕ್ಸರ್ ಆ ಸಂಜೆ ಎದ್ದು ನಿಂತಿತ್ತು, ನೀರು ಕುಡಿದಿತ್ತು, ಮನೆಯವರನ್ನು ಕಂಡು ಬಾಲ ಅಲ್ಲಾಡಿಸಿತ್ತು. ಮನೆಗೆ ಕರೆದೊಯ್ಯುತ್ತೇವೆ ಎಂದು ಅವರು ಕೇಳಿಕೊಂಡರೂ ನಾನು ಒಪ್ಪಲಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಮಲದಲ್ಲಿ ರಕ್ತ ಬರತೊಡಗಿತು, ಹೊಟ್ಟೆಯ ಚರ್ಮದ ಮೇಲೆ ಕಡುಗೆಂಪು ಚುಕ್ಕೆಗಳೆದ್ದವು, ಮರುದಿನ ಮೂತ್ರ ನಿಂತಿತು. ಶಾಖದಿಂದ ಬೆಂದ ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟಿ, ಹೆಪ್ಪುಗಟ್ಟಿಸುವ ಸಾಮಗ್ರಿಯೆಲ್ಲ ಅಲ್ಲೇ ಮುಗಿದು, ಆಮೇಲೆ ಕಂಡಲ್ಲೆಲ್ಲ ರಕ್ತ ಸೋರುವ ಸ್ಥಿತಿ ಇದು. ಎರಡನೆಯ ಸಂಜೆ ಅದು ತೀರಿಕೊಂಡಿತು. ನಾಯಿ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಎರಡು ಮೂರು ದಿನ ರಕ್ತಪರೀಕ್ಷೆ ಮಾಡಿಸಿ, ಮೂತ್ರ, ಮಲ, ಒಸಡಿನ ಬಣ್ಣಗಳನ್ನು ದಿನಕ್ಕೆ ಹಲವು ಸಲ ಗಮನಿಸುತ್ತಿರಿ. ಅಂದಹಾಗೆ, ಮೊದಲ ಪತ್ರ ಬರೆದ ಓದುಗರೂ ತಮ್ಮ ಲ್ಯಾಬ್ರಡಾರ್ ಈಗ ಚೆನ್ನಾಗಿದ್ದರೂ ಒಮ್ಮೆ ಹತ್ತಿರದ ಪಶುವೈದ್ಯರಿಗೆ ತೋರಿಸಲಿ, ಕಾರಿನಲ್ಲಿ ಎಷ್ಟು ಹೊತ್ತಿತ್ತು ಎಂಬುದನ್ನು ಇದ್ದ ಹಾಗೆಯೇ ಹೇಳಲಿ. ನಮ್ಮಲ್ಲಿಗೆ ಬರುವವರು ಆ ಇಪ್ಪತ್ತು ನಿಮಿಷವನ್ನು ಸಾಮಾನ್ಯವಾಗಿ ಐದು ಎಂದೇ ಬರೆಸುತ್ತಾರೆ.